ಶುಂಠಿ ಗುತ್ತಿಗೆಯಂಥ ಕಾಗದ

ಪ್ರಶ್ನೆ: ನಾನು ಸುಂಟಿಕೊಪ್ಪ ಕಡೆಯ ನಿವೃತ್ತ ಮೇಷ್ಟ್ರು. ನಾಲ್ಕು ಎಕರೆ ಕಾಫಿ, ಸ್ವಲ್ಪ ಗದ್ದೆ ಇದೆ. ಮಗಳು ಜರ್ಮನಿಯಲ್ಲಿ ನರ್ಸ್. ಅವಳ ವಾರ್ಡಿನಲ್ಲಿ ಉಕ್ರೇನಿನ ಹೆಂಗಸೊಬ್ಬರು ಸಹಾಯಕಿ, ಸಿರಿಯಾದ ಹುಡುಗನೊಬ್ಬನೂ ಇದ್ದಾನೆ. ಇಬ್ಬರೂ ಯುದ್ಧದಿಂದ ಓಡಿ ಬಂದವರು. ಆದರೆ ಇಬ್ಬರ ಕಾಗದ ಬೇರೆ ಬೇರೆಯಂತೆ. ಇಬ್ಬರಿಗೂ ನಾಳೆ ಏನು ಅನ್ನುವ ಚಿಂತೆ ಮಾತ್ರ ಒಂದೇ ಅಂತ ಮಗಳು ಹೇಳುತ್ತಾಳೆ. ನನಗನ್ನಿಸುವುದು ಇಷ್ಟು: ಯುದ್ಧ ಇರುವಷ್ಟು ದಿನ ಇಟ್ಟುಕೊಳ್ಳಲಿ, ಮುಗಿದ ಮೇಲೆ ಅವರವರ ಊರಿಗೆ ಹೋಗಲಿ. ನಾನೂ ಗದ್ದೆಯನ್ನು ಶುಂಠಿಗೆ ಗುತ್ತಿಗೆ ಕೊಡುತ್ತೇನೆ. ಗಡುವು ಮುಗಿದರೆ ಬಿಟ್ಟು ಹೋಗುತ್ತಾರೆ, ಯಾರಿಗೂ ಬೇಜಾರಿಲ್ಲ. ಇದರಲ್ಲಿ ತಪ್ಪೇನು? ಮತ್ತೆ, ನಮ್ಮ ಪಕ್ಕದ ಬೈಲುಕುಪ್ಪೆಯವರದ್ದು ಯಾವ ಲೆಕ್ಕ?

ಉತ್ತರ: ಮೇಷ್ಟ್ರೇ, ಶುಂಠಿಯ ಮಾತನ್ನು ನೀವೇ ತೆಗೆದದ್ದು ಒಳ್ಳೆಯದಾಯಿತು. ನಿರಾಶ್ರಿತರ ಕಾನೂನನ್ನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ, ಇಷ್ಟು ಚೆನ್ನಾಗಿ ಕೂರುವ ಹೋಲಿಕೆ ನನಗೆ ಹೊಳೆದಿರಲಿಲ್ಲ. ಆದರೆ ಅದು ನಿಮ್ಮ ಪರವಾಗಿ ಮಾತ್ರ ಸಾಕ್ಷಿ ಹೇಳುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಇಬ್ಬರ ಕಾಗದ ಯಾಕೆ ಬೇರೆ ಅಂತ ನೋಡೋಣ.

ನಿರಾಶ್ರಿತರ ಕಾನೂನಿಗೆ ಬುನಾದಿ 1951ರ ಜಿನೀವಾ ಒಪ್ಪಂದ. ನಿರಾಶ್ರಿತ ಅಂದರೆ ಯಾರು ಅಂತ ಅದು ಹೇಳುವ ಕಡೆ ಯುದ್ಧದಿಂದ ಓಡಿ ಬಂದವರು ಅನ್ನುವ ಮಾತೇ ಇಲ್ಲ. ಜನಾಂಗ, ಧರ್ಮ, ರಾಷ್ಟ್ರೀಯತೆ, ಯಾವುದೋ ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಒಂದು ಕಾರಣಕ್ಕೆ ತನಗೆ ಹಿಂಸೆ ಆಗುತ್ತದೆ ಅನ್ನುವ ಭಯ ಇರಬೇಕು, ಆ ಭಯಕ್ಕೆ ಆಧಾರವೂ ಇರಬೇಕು. ಊರಿಗೆ ಊರೇ ಬಾಂಬಿಗೆ ಸಿಕ್ಕಿದೆ ಅಂದರೆ ಸಾಲದು. ‘ಇಂಥ ಕಾರಣಕ್ಕೆ ನನ್ನನ್ನೇ ಹುಡುಕುತ್ತಾರೆ’ ಅಂತ ತೋರಿಸಬೇಕು. ಆಫ್ರಿಕಾದ ದೇಶಗಳು ಈ ಕೊರತೆಯನ್ನು ಬೇಗ ಕಂಡವು. 1969ರಲ್ಲಿ ತಮ್ಮದೇ ಒಪ್ಪಂದ ಮಾಡಿಕೊಂಡು, ಹೊರಗಿನವರ ದಾಳಿಯಿಂದ ಓಡಿ ಬಂದವರೂ, ದೇಶದೊಳಗಿನ ದೊಡ್ಡ ಗಲಭೆಯಿಂದ ಓಡಿ ಬಂದವರೂ ನಿರಾಶ್ರಿತರೇ ಅಂತ ಬರೆದವು. ಬಡ ದೇಶಗಳು ಬಾಗಿಲನ್ನು ಅಗಲ ಮಾಡಿದವು, ಶ್ರೀಮಂತ ದೇಶಗಳು ಕಾಗದದಲ್ಲಿ ಬಗೆ ಮಾಡಿದವು.

ಯುರೋಪಿನಲ್ಲಿ ಈಗ ಮೂರು ಬಗೆ. ಜಿನೀವಾ ಒಪ್ಪಂದದ ಪೂರ್ತಿ ನಿರಾಶ್ರಿತ ಸ್ಥಾನ ಒಂದು. ನಿನ್ನನ್ನೇ ಯಾರೂ ಹುಡುಕುತ್ತಿಲ್ಲ, ಆದರೆ ವಾಪಸು ಕಳಿಸಿದರೆ ಯುದ್ಧದಲ್ಲಿ ಸಿಕ್ಕಿ ಸಾಯಬಹುದು ಅನ್ನುವವರಿಗೆ ಪೂರಕ ರಕ್ಷಣೆ. ಮೂರನೆಯದು ಲಕ್ಷಗಟ್ಟಲೆ ಜನ ಒಟ್ಟಿಗೆ ಬಂದಾಗ ಒಬ್ಬೊಬ್ಬರನ್ನೇ ಕೂರಿಸಿ ವಿಚಾರಿಸದೆ ಕೊಡುವ ತಾತ್ಕಾಲಿಕ ರಕ್ಷಣೆ. ನಿಮ್ಮ ಮಗಳ ವಾರ್ಡಿನ ಉಕ್ರೇನಿನವರಿಗೆ ಸಿಕ್ಕಿರುವುದು ಮೂರನೆಯದು. ಹುಡುಗನದು ಬಹುಶಃ ಮೊದಲಿನ ಎರಡರಲ್ಲಿ ಒಂದು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ತೆಗೆದುಬಿಡುತ್ತೇನೆ. ಪೂರ್ತಿ ನಿರಾಶ್ರಿತ ಸ್ಥಾನವೂ ‘ಶಾಶ್ವತ’ ಏನಲ್ಲ. ಓಡಿ ಬರಲು ಕಾರಣವಾದ ಪರಿಸ್ಥಿತಿ ಇಲ್ಲವಾದರೆ ಆ ಸ್ಥಾನ ಮುಗಿಯಬಹುದು ಅಂತ ಆ ಒಪ್ಪಂದದಲ್ಲೇ ಇದೆ. 1998ರ ಕೊನೆಯೊಳಗೆ ರುವಾಂಡಾ ಬಿಟ್ಟವರಿಗೆ 2013ರ ಜೂನ್ 30ರಿಂದ ಈ ಕಲಮನ್ನು ಹಚ್ಚಬಹುದು ಅಂತ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಹೇಳಿತ್ತು. ಆದರೆ ಅದೇ ಒಪ್ಪಂದ, ನಿರಾಶ್ರಿತರು ಆ ದೇಶದಲ್ಲಿ ಬೇರೂರಿ ಪ್ರಜೆಯಾಗಲು ಸರ್ಕಾರ ಆದಷ್ಟು ಅನುಕೂಲ ಮಾಡಿಕೊಡಬೇಕು ಅಂತಲೂ ಹೇಳುತ್ತದೆ. ಹೋಗುವ ಬಾಗಿಲು, ಒಳಮನೆಯ ಬಾಗಿಲು, ಎರಡನ್ನೂ ಇಟ್ಟಿದ್ದಾರೆ. ತಾತ್ಕಾಲಿಕ ಕಾಗದದಲ್ಲಿ ಸಾಮಾನ್ಯವಾಗಿ ಒಳಮನೆಯ ಬಾಗಿಲು ಇರುವುದಿಲ್ಲ. ನಿಜವಾದ ವ್ಯತ್ಯಾಸ ಅಲ್ಲಿರುವುದು.

ಈಗ ನೀವು ಸರಿ ಇರುವ ಜಾಗಕ್ಕೆ ಬರೋಣ. ಜಾಗ ಚಿಕ್ಕದಲ್ಲ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ನಮ್ಮ ದೇಶಕ್ಕೆ ಬಂದರು. ಇವರು ವಾಪಸು ಹೋಗುವವರು ಅಂತ ಸರ್ಕಾರ ಮೊದಲ ದಿನದಿಂದಲೇ ಹೇಳಿತು. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು. ಮುಂದಿನ ಕೆಲವು ತಿಂಗಳಲ್ಲಿ ಬಹುಪಾಲು ಜನ ಹೊರಟೇ ಹೋದರು. 1999ರಲ್ಲಿ ಕೊಸೊವೊದಲ್ಲೂ ಹಾಗೇ. ಎಂಟು ಲಕ್ಷಕ್ಕೂ ಜಾಸ್ತಿ ಜನ ಗಡಿ ದಾಟಿದ್ದರು. ಜೂನ್‌ನಲ್ಲಿ ಯುದ್ಧ ನಿಂತದ್ದೇ ತಡ, ಸ್ವಲ್ಪ ದಿನ ತಾಳಿ ಅಂದರೂ ಕೇಳದೆ ಟ್ರ್ಯಾಕ್ಟರ್ ಹತ್ತಿಕೊಂಡು ಹೋದರು. ಜನಕ್ಕೆ ಊರು ಬೇಕು. ಅದನ್ನು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಈ ಎರಡೂ ಕಡೆ ಏನೇನು ಕೂಡಿಬಂತು ನೋಡಿ. ಜನ ಓಡಿ ಬಂದ ಒಂದು ವರ್ಷದೊಳಗೆ ಯುದ್ಧ ಮುಗಿಯಿತು. ಯಾರಿಗೆ ಹೆದರಿ ಓಡಿದ್ದರೋ ಅವರು ಸೋತು ಹೋದರು. ಬಿಟ್ಟು ಬಂದ ಊರು ಗಡಿಯಾಚೆಗೇ ಇತ್ತು. ಈ ಮೂರೂ ಒಟ್ಟಿಗೆ ಕೂಡಿಬರುವುದು ಅಪರೂಪ.

ಬೋಸ್ನಿಯಾದಲ್ಲಿ ಕೂಡಿಬರಲಿಲ್ಲ. 1992ರಿಂದ 1995ರವರೆಗಿನ ಯುದ್ಧದಲ್ಲಿ ಜರ್ಮನಿಯೊಂದೇ ಸುಮಾರು ಮೂರೂವರೆ ಲಕ್ಷ ಬೋಸ್ನಿಯಾದವರನ್ನು ಇಟ್ಟುಕೊಂಡಿತು. ಹೆಚ್ಚಿನವರ ಕೈಯಲ್ಲಿ ‘ಸದ್ಯಕ್ಕೆ ಹೊರಗೆ ಹಾಕುವುದಿಲ್ಲ’ ಅನ್ನುವಷ್ಟೇ ಅರ್ಥದ ಕಾಗದ. 1995ರ ಡಿಸೆಂಬರ್‌ನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು, ಹೊರಡಿ ಅಂದರು. ಎಲ್ಲಿಗೆ? ಒಪ್ಪಂದ ದೇಶವನ್ನೇ ಎರಡು ಭಾಗ ಮಾಡಿತ್ತು. ಎಷ್ಟೋ ಜನರ ಹುಟ್ಟೂರು ಅವರನ್ನು ಓಡಿಸಿದವರ ಕೈಯಲ್ಲೇ ಉಳಿಯಿತು, ಮನೆಯಲ್ಲಿ ಬೇರೆಯವರು ಸಂಸಾರ ಹೂಡಿದ್ದರು. ಸ್ರೆಬ್ರೆನಿತ್ಸಾದ ಹತ್ಯಾಕಾಂಡದಲ್ಲಿ ಗಂಡ, ಮಗ ಇಬ್ಬರನ್ನೂ ಕಳೆದುಕೊಂಡ ಹೆಂಗಸಿಗೆ ‘ಯುದ್ಧ ಮುಗಿದಿದೆ, ಹೋಗಮ್ಮ’ ಅನ್ನುವುದು ಕಾನೂನಿನ ಮಾತಿರಬಹುದು. ಬಹಳ ಜನ ಹೋದರು. ಹೋದವರಲ್ಲಿ ಎಷ್ಟೋ ಮಂದಿ ತಮ್ಮ ಊರಿಗಲ್ಲ, ತಮ್ಮವರು ಜಾಸ್ತಿ ಇರುವ ಬೇರೆ ಊರಿಗೆ. ಇನ್ನೆಷ್ಟೋ ಜನ ಜರ್ಮನಿಯಿಂದ ನೇರ ಅಮೆರಿಕಕ್ಕೆ ಹತ್ತಿದರು.

ಇನ್ನೊಂದು ತೊಡಕು, ಯುದ್ಧ ಮುಗಿಯಿತು ಅಂತ ಹೇಳುವವರು ಯಾರು? ಡೆನ್ಮಾರ್ಕಿನ ಕತೆ ಕೇಳಿ. 2019ರಿಂದ ಅಲ್ಲಿನ ಅಧಿಕಾರಿಗಳು ಸಿರಿಯಾದ ರಾಜಧಾನಿ ಡಮಾಸ್ಕಸ್ ಕಡೆ ಪರಿಸ್ಥಿತಿ ಸುಧಾರಿಸಿದೆ ಅಂತ ತೀರ್ಮಾನಿಸಿ ಸಿರಿಯಾದವರ ಪರವಾನಗಿ ರದ್ದು ಮಾಡಲು ಶುರು ಮಾಡಿದರು. ಪೆಟ್ಟು ಬಿದ್ದದ್ದು ಹೆಚ್ಚಾಗಿ ಹೆಂಗಸರಿಗೆ, ವಯಸ್ಸಾದವರಿಗೆ. ಯಾಕೆಂದರೆ ಗಂಡು ಹುಡುಗರನ್ನು ಸಿರಿಯಾದ ಸೈನ್ಯ ಎಳೆದುಕೊಂಡು ಹೋಗುತ್ತದೆ ಅನ್ನುವ ಕಾರಣ ಇತ್ತು, ಇವರಿಗೆ ಅದೂ ಇರಲಿಲ್ಲ. ಆದರೆ ಅಸ್ಸಾದ್ ಸರ್ಕಾರದ ಜೊತೆ ಡೆನ್ಮಾರ್ಕಿಗೆ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ. ಬಲವಂತವಾಗಿ ಕಳಿಸುವಂತಿಲ್ಲ. ಕೆಲಸ ಮಾಡುತ್ತಿದ್ದವರು, ಓದುತ್ತಿದ್ದವರು ಎಲ್ಲ ಬಿಟ್ಟು ವಾಪಸಾತಿ ಕೇಂದ್ರದಲ್ಲಿ ಕೂತರು. ಕಳಿಸಲಿಕ್ಕೂ ಆಗುವುದಿಲ್ಲ, ಇಟ್ಟುಕೊಳ್ಳಲಿಕ್ಕೂ ಮನಸ್ಸಿಲ್ಲ. ಇದರಿಂದ ಯಾರಿಗೆ ಏನು ಸಿಕ್ಕಿತು ಅಂತ ನನಗೆ ಈವರೆಗೂ ಅರ್ಥವಾಗಿಲ್ಲ. ಅಸ್ಸಾದ್ ಬಿದ್ದದ್ದು 2024ರ ಡಿಸೆಂಬರ್ 8ಕ್ಕೆ. ಆ ವಾರದಲ್ಲೇ ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳು ಸಿರಿಯಾದವರ ಅರ್ಜಿಗಳ ತೀರ್ಮಾನವನ್ನು ನಿಲ್ಲಿಸಿದವು. ನಿಮ್ಮ ಮಗಳ ಜೊತೆಯ ಹುಡುಗನ ಚಿಂತೆ ಸುಮ್ನೆ ಹುಟ್ಟಿದ್ದಲ್ಲ.

ಈಗ ಶುಂಠಿ.

ನಿಮ್ಮ ಗದ್ದೆ ಗುತ್ತಿಗೆ ಹಿಡಿದವರು ಅಲ್ಲಿ ಕಾಫಿ ಯಾಕೆ ಹಾಕುವುದಿಲ್ಲ? ಕಾಫಿ ಬರುವುದಿಲ್ಲ ಅಂತಲ್ಲ. ಗಿಡ ಕೈಗೆ ಬರಲು ಮೂರು ನಾಲ್ಕು ವರ್ಷ ಬೇಕು, ಕಾಗದ ಇರುವುದು ಒಂದು ಬೆಳೆಗೆ. ಒಂದೇ ಬೆಳೆಯಲ್ಲಿ ಹಾಕಿದ ದುಡ್ಡು ಎತ್ತಬೇಕು. ಮುಂದಿನ ವರ್ಷ ಆ ಮಣ್ಣು ಹೇಗಿರುತ್ತದೆ ಅನ್ನುವುದು ಅವರ ತಲೆನೋವಲ್ಲ. ಆ ತಲೆನೋವು ಅವರಿಗಿರಬೇಕು ಅಂತ ನಿರೀಕ್ಷಿಸುವುದೂ ನ್ಯಾಯವಲ್ಲ. ಶುಂಠಿ ಎದ್ದ ಗದ್ದೆ ಹೇಗಿರುತ್ತದೆ ಅಂತ ನನಗಿಂತ ಚೆನ್ನಾಗಿ ನಿಮಗೆ ಗೊತ್ತು. ಕೈಯಲ್ಲಿರುವ ಕಾಗದ ಎಷ್ಟು ಉದ್ದವೋ ಅಷ್ಟೇ ಉದ್ದದ ಬೆಳೆಯನ್ನು ಮನುಷ್ಯ ಹಾಕುತ್ತಾನೆ.

ಎರಡು ವರ್ಷದ ಕಾಗದ ಹಿಡಿದ ಹೆಂಗಸು ಮೂರು ವರ್ಷದ ನರ್ಸಿಂಗ್ ಕೋರ್ಸಿಗೆ ಸೇರಲು ಹಿಂದೆಮುಂದೆ ನೋಡುತ್ತಾಳೆ. ಓದಿದ್ದು ಎಂಜಿನಿಯರಿಂಗ್ ಆದರೂ ನಾಳೆಯೇ ಸಂಬಳ ಬರುವ ಗುಡಿಸುವ ಕೆಲಸ ಹಿಡಿಯುತ್ತಾಳೆ. ಕಾಗದಕ್ಕೆ ಆರು ತಿಂಗಳು ಉಳಿದಿದೆ ಅಂದರೆ ಮಾಲೀಕ ಕೆಲಸ ಕಲಿಸುವುದಿಲ್ಲ, ಮನೆ ಬಾಡಿಗೆಗೆ ಕೊಡುವವರೂ ಯೋಚಿಸುತ್ತಾರೆ. ಕೊನೆಗೆ ಸರ್ಕಾರವೇ, ನೋಡಿ ಇವರು ಹೊಂದಿಕೊಳ್ಳುತ್ತಿಲ್ಲ, ಭಾಷೆ ಕಲಿಯುತ್ತಿಲ್ಲ ಅನ್ನುತ್ತದೆ. ವರ್ಷದ ಗುತ್ತಿಗೆ ಕೊಟ್ಟು ಕಾಫಿ ಯಾಕೆ ಹಾಕಲಿಲ್ಲ ಅಂತ ಬಯ್ದಂತೆ ಆಯಿತು, ಅಲ್ವಾ?

ಇದನ್ನು ಪೂರ್ತಿ ಪರೀಕ್ಷೆ ಮಾಡಿ ನೋಡಿದ ದೇಶ ಆಸ್ಟ್ರೇಲಿಯಾ. 1999ರಲ್ಲಿ ದೋಣಿಯಲ್ಲಿ ಬಂದವರಿಗೆ ಮೂರು ವರ್ಷದ ತಾತ್ಕಾಲಿಕ ವೀಸಾ ಶುರು ಮಾಡಿದರು. ಅವರು ನಿರಾಶ್ರಿತರೇ ಅಂತ ಒಪ್ಪಿಕೊಂಡ ಮೇಲೂ ಅಷ್ಟೇ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಂತಿಲ್ಲ. ಗಂಡ ಸಿಡ್ನಿಯಲ್ಲಿ, ಕುಟುಂಬ ಇಂಡೊನೇಷ್ಯಾದಲ್ಲಿ. ನೇರ ದಾರಿ ಮುಚ್ಚಿದ ಮೇಲೆ ಉಳಿದದ್ದು ದೋಣಿ ದಾರಿ. 2001ರ ಅಕ್ಟೋಬರ್‌ನಲ್ಲಿ ಇಂಡೊನೇಷ್ಯಾದಿಂದ ಹೊರಟ ಒಂದು ದೋಣಿ ಮುಳುಗಿ 353 ಜನ ಸತ್ತರು. ಹೆಚ್ಚಿನವರು ಹೆಂಗಸರು, ಮಕ್ಕಳು. ಕೆಲವರ ಗಂಡಂದಿರು, ಅಪ್ಪಂದಿರು ಈ ವೀಸಾ ಹಿಡಿದು ಆಸ್ಟ್ರೇಲಿಯಾದಲ್ಲಿ ಕಾಯುತ್ತಿದ್ದರು. ಜನ ಬರುವುದನ್ನು ತಡೆಯಲು ಮಾಡಿದ ಕಾಗದ ಹೆಂಗಸರು ಮಕ್ಕಳನ್ನೇ ದೋಣಿ ಹತ್ತಿಸಿತು. 2008ರಲ್ಲಿ ಆ ವೀಸಾ ರದ್ದಾಯಿತು, 2014ರಲ್ಲಿ ವಾಪಸು ಬಂತು. 2023ರ ಫೆಬ್ರವರಿಯಲ್ಲಿ, ಇಂಥ ವೀಸಾದಲ್ಲಿದ್ದ ಸುಮಾರು 19 ಸಾವಿರ ಜನರಿಗೆ ಶಾಶ್ವತ ವಾಸಕ್ಕೆ ದಾರಿ ತೆಗೆಯುತ್ತೇವೆ ಅಂತ ಸರ್ಕಾರವೇ ಹೇಳಿತು. ಅವರಲ್ಲಿ ಬಹಳ ಜನ ಆ ಹೊತ್ತಿಗೆ ಹತ್ತು ವರ್ಷ ಕಳೆದಿದ್ದರು.

ಜರ್ಮನಿಯೂ ಈ ವಿಷಯದಲ್ಲಿ ಪೂರ್ತಿ ಸಾಚಾ ಅಲ್ಲ. 2016ರಲ್ಲಿ ಪೂರಕ ರಕ್ಷಣೆಯವರು ಕುಟುಂಬ ಕರೆಸಿಕೊಳ್ಳುವುದನ್ನು ಎರಡು ವರ್ಷ ನಿಲ್ಲಿಸಿತು, ಆಮೇಲೆ ತಿಂಗಳಿಗೆ ಒಂದು ಸಾವಿರ ಜನ ಅಂತ ಮಿತಿ ಹಾಕಿತು, 2025ರಲ್ಲಿ ಮತ್ತೆ ಎರಡು ವರ್ಷಕ್ಕೆ ನಿಲ್ಲಿಸಿತು. ಮಕ್ಕಳ ವಯಸ್ಸು ಎರಡು ವರ್ಷ ನಿಲ್ಲುವುದಿಲ್ಲ.

ಸರ್ಕಾರಗಳ ಕಡೆಯ ಮಾತನ್ನೂ ಹೇಳಬೇಕು, ಅದು ಬರೀ ನೆಪವಲ್ಲ. 2022ರಲ್ಲಿ ಉಕ್ರೇನಿನ ಜನ ಬಂದಾಗ ಯುರೋಪು ಬಾಗಿಲನ್ನು ಅಷ್ಟು ಬೇಗ ತೆಗೆದದ್ದು ‘ತಾತ್ಕಾಲಿಕ’ ಅನ್ನುವ ಬೋರ್ಡು ಇದ್ದದ್ದರಿಂದಲೇ. ಬೋಸ್ನಿಯಾ, ಕೊಸೊವೊದಂಥ ಯುಗೊಸ್ಲಾವಿಯಾದ ಯುದ್ಧಗಳಿಂದ ಪಾಠ ಕಲಿತು 2001ರಲ್ಲಿ ಮಾಡಿಟ್ಟ ಕಾನೂನು ಅದು. ಇಪ್ಪತ್ತು ವರ್ಷ ಬೀರುವಿನಲ್ಲಿ ಕೂತಿತ್ತು. ಸಿರಿಯಾದವರು 2015ರಲ್ಲಿ ಬಂದಾಗಲೂ ತೆಗೆಯಲಿಲ್ಲ, ಯಾಕೆ ಅಂತ ನೀವೇ ಊಹಿಸಿ. 2022ರ ಮಾರ್ಚ್ 4ರಂದು ಮೊದಲ ಸಲ ಜಾರಿಗೆ ತಂದರು. ಸಂದರ್ಶನ ಇಲ್ಲ, ವರ್ಷಗಟ್ಟಲೆ ಶಿಬಿರದಲ್ಲಿ ಕಾಯುವುದಿಲ್ಲ. ಬಂದ ಕೂಡಲೇ ಕೆಲಸ, ಮಕ್ಕಳಿಗೆ ಶಾಲೆ, ಆಸ್ಪತ್ರೆ. 40 ಲಕ್ಷಕ್ಕೂ ಜಾಸ್ತಿ ಜನ ಇದರ ಕೆಳಗೆ ಇದ್ದಾರೆ. ಆಶ್ರಯದ ಕಾನೂನಿನಲ್ಲಿ ನಾನು ಕಂಡ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು. ಎಲ್ಲರಿಗೂ ಮೊದಲ ದಿನವೇ ಶಾಶ್ವತ ಅಂದಿದ್ದರೆ ಬಾಗಿಲು ಇಷ್ಟು ತೆರೆಯುತ್ತಿರಲಿಲ್ಲ.

ತೊಂದರೆ ಆಮೇಲಿನದು. ಆ ಕಾನೂನಿನ ಲೆಕ್ಕ ಒಂದು ವರ್ಷ, ಎಳೆದರೆ ಮೂರು ವರ್ಷ. ಅಷ್ಟರಲ್ಲಿ ಎಲ್ಲ ಸರಿಹೋಗುತ್ತದೆ ಅಂತ ಬರೆದವರು ಅಂದುಕೊಂಡಿದ್ದರು. ಯುದ್ಧ ಅವರ ಲೆಕ್ಕ ಕೇಳಲಿಲ್ಲ. ಈಗ ಗಡುವನ್ನು 2027ರ ಮಾರ್ಚ್ 4ರವರೆಗೆ ಎಳೆದಿದ್ದಾರೆ. ಯುರೋಪಿನಲ್ಲಿ ಬೇರೆ ವಿದೇಶೀಯರು ಐದು ವರ್ಷ ಇದ್ದರೆ ದೀರ್ಘಕಾಲದ ವಾಸಕ್ಕೆ ಅರ್ಜಿ ಹಾಕಬಹುದು. ತಾತ್ಕಾಲಿಕ ರಕ್ಷಣೆಯ ಕಾಗದ ಹಿಡಿದವರನ್ನು ಆ ನಿಯಮದಿಂದ ಹೊರಗೆ ಇಟ್ಟಿದ್ದಾರೆ. ತುರ್ಕಿಯಲ್ಲೂ ಹಾಗೇ. ಒಂದು ಹೊತ್ತಿನಲ್ಲಿ 36 ಲಕ್ಷಕ್ಕೂ ಜಾಸ್ತಿ ಸಿರಿಯಾದವರನ್ನು ಇಟ್ಟುಕೊಂಡ ದೇಶ ಅದು, ಆ ದೊಡ್ಡತನವನ್ನು ಯಾರೂ ಅಲ್ಲಗಳೆಯಬಾರದು. ಆದರೆ ಆ ಕಾಗದದಲ್ಲಿ ಎಷ್ಟು ವರ್ಷ ಇದ್ದರೂ ಶಾಶ್ವತ ವಾಸದ ಲೆಕ್ಕಕ್ಕೆ ಸೇರುವುದಿಲ್ಲ, ನೋಂದಾಯಿಸಿದ ಪ್ರಾಂತ್ಯ ಬಿಟ್ಟು ಹೊರಗೆ ಹೋಗಲು ಅನುಮತಿ ಬೇಕು. ಅಮೆರಿಕದಲ್ಲಿ ಸೊಮಾಲಿಯಾದವರಿಗೆ 1991ರಲ್ಲಿ ಕೊಟ್ಟ ತಾತ್ಕಾಲಿಕ ಸ್ಥಾನ ಕಂತು ಕಂತಾಗಿ ಮೂವತ್ತು ವರ್ಷ ದಾಟಿತು. ಪ್ಯಾಲೆಸ್ತೀನಿನವರಿಗೆ 1949ರಲ್ಲಿ ವಿಶ್ವಸಂಸ್ಥೆ ಕಟ್ಟಿದ ನೆರವು ಸಂಸ್ಥೆಯೂ ತಾತ್ಕಾಲಿಕವೇ. ಅದರ ಅವಧಿಯನ್ನು ಕಂತು ಕಂತಾಗಿ ಮುಂದಕ್ಕೆ ಹಾಕುತ್ತಲೇ ಬಂದಿದ್ದಾರೆ.

ಈಗ ನಿಮ್ಮ ಕೊನೆಯ ಪ್ರಶ್ನೆ, ಬೈಲುಕುಪ್ಪೆ. ಕುಶಾಲನಗರದ ಸೇತುವೆ ದಾಟಿ ಕೊಪ್ಪ ಕಳೆದರೆ ಸಿಗುವ ಟಿಬೆಟಿಯನ್ನರ ಆ ಊರಿಗೆ ನಾವೆಲ್ಲ ಇವತ್ತಿಗೂ ಏನಂತೀವಿ? ‘ಕ್ಯಾಂಪ್’. ಒಂದನೇ ಕ್ಯಾಂಪ್, ನಾಲ್ಕನೇ ಕ್ಯಾಂಪ್. ಅರವತ್ತು ವರ್ಷದ ಮೇಲೂ ಶಿಬಿರ. ದಲೈ ಲಾಮಾ 1959ರಲ್ಲಿ ಬಂದ ಮೇಲೆ ನೆಹರೂ ರಾಜ್ಯಗಳಿಗೆ ಜಾಗ ಕೇಳಿ ಪತ್ರ ಬರೆದರು. ಆಗಿನ ನಮ್ಮ ಮೈಸೂರು ರಾಜ್ಯದ ಸರ್ಕಾರ ಇಲ್ಲಿ ಸುಮಾರು ಮೂರು ಸಾವಿರ ಎಕರೆ ಗುತ್ತಿಗೆಗೆ ಕೊಟ್ಟಿತು. ಕಾಡು ಕಡಿದು, ಆನೆಯ ಜೊತೆ ಗುದ್ದಾಡಿ, ಮುಸುಕಿನ ಜೋಳ ಬೆಳೆದರು. ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಮ್ಮಲ್ಲಿ ನಿರಾಶ್ರಿತರ ಕಾನೂನೇ ಇಲ್ಲ. ಹಾಗಾಗಿ ಕಾಗದದ ಮೇಲೆ ಅವರು ವಿದೇಶೀಯರು. ಕೈಯಲ್ಲಿ ಆರ್‌ಸಿ, ಅಂದರೆ ವಿದೇಶೀಯರ ನೋಂದಣಿ ಪತ್ರ, ಅದನ್ನು ಆಗಾಗ ನವೀಕರಿಸಬೇಕು.

ಹಾಗಂತ ಅವರಿಗೆ ಬರೀ ಕಷ್ಟ ಕೊಟ್ಟೆವು ಅಂತಲೂ ಅಲ್ಲ. ಜಾಗ, ತಮ್ಮದೇ ಶಾಲೆ, ತಮ್ಮದೇ ಮಠ ಸಿಕ್ಕಿತು. ನೋಡಿ, ಕಾಗದ ತಾತ್ಕಾಲಿಕ, ನೆಲ ಮಾತ್ರ ದೀರ್ಘ. ಅದಕ್ಕೇ ಅಲ್ಲಿ ದೇವಸ್ಥಾನ ಎದ್ದಿತು. ಆದರೆ ಕಾಗದದ ಚೇಷ್ಟೆ ತಪ್ಪಲಿಲ್ಲ. 1950ರ ಜನವರಿ 26ರಿಂದ 1987ರ ಜೂನ್ ಕೊನೆಯವರೆಗೆ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಇದು ಟಿಬೆಟಿಯನ್ನರಿಗೂ ಸೇರುತ್ತದೆ ಅಂತ ದೆಹಲಿ ಹೈಕೋರ್ಟ್ 2010ರಲ್ಲಿ, ನಮ್ಮ ಹೈಕೋರ್ಟ್ 2013ರಲ್ಲಿ ಹೇಳಿದವು. ಅಂದರೆ ಒಂದೇ ಮನೆಯಲ್ಲಿ 1986ರಲ್ಲಿ ಹುಟ್ಟಿದ ಅಣ್ಣ ಭಾರತೀಯ. 1988ರಲ್ಲಿ ಹುಟ್ಟಿದ ತಂಗಿ, ಅಪ್ಪ ಅಮ್ಮ ಇಬ್ಬರೂ ಟಿಬೆಟ್‌ನಲ್ಲಿ ಹುಟ್ಟಿದ್ದರೆ, ವಿದೇಶಿ. ಅಣ್ಣ ಪಾಸ್‌ಪೋರ್ಟ್ ಬೇಕು ಅಂದಾಗ 2017ರಲ್ಲಿ ಬಂದ ಷರತ್ತು ಇನ್ನೂ ಚೆಂದ: ಆರ್‌ಸಿ ಬಿಡಬೇಕು, ಟಿಬೆಟಿಯನ್ನರ ವಸತಿಯಲ್ಲಿ ಇರುವಂತಿಲ್ಲ. ಪ್ರಜೆಯಾಗಬೇಕಾದರೆ ಮನೆ ಬಿಡು. ಬೇಡ ಅನ್ನುವವರೂ ಬಹಳ ಜನ ಇದ್ದಾರೆ. ಭಾರತೀಯರಾದರೆ ಟಿಬೆಟ್ ಮೇಲಿನ ಹಕ್ಕು ಬಿಟ್ಟಂತೆ ಅಂತ ಹಿರಿಯರ ಅಳುಕು. ಅದನ್ನು ಗೌರವಿಸಬೇಕು. ಶಾಶ್ವತವನ್ನು ಯಾರ ಮೇಲೂ ಹೇರಬಾರದು. ಬೇಕಾದವರಿಗೆ ಬಾಗಿಲಿರಬೇಕು, ಅಷ್ಟೇ.

ಇತ್ತ ಸಂಪಾಜೆ ಘಾಟಿ ಇಳಿದರೆ ಸುಳ್ಯ. ಅಲ್ಲಿಯ ರಬ್ಬರ್ ತೋಟಗಳಲ್ಲಿ ಶ್ರೀಲಂಕಾದಿಂದ ಬಂದ ತಮಿಳರಿದ್ದಾರೆ. ಅವರು ನಿರಾಶ್ರಿತರಲ್ಲ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಪ್ರಜೆಗಳಾಗಿ ಬಂದವರು. ಅದೇ ದ್ವೀಪದಿಂದ 1983ರ ನಂತರ ಯುದ್ಧಕ್ಕೆ ಹೆದರಿ ತಮಿಳುನಾಡಿಗೆ ಬಂದವರಲ್ಲಿ ಐವತ್ತು ಸಾವಿರಕ್ಕೂ ಜಾಸ್ತಿ ಜನ ಇನ್ನೂ ಶಿಬಿರದಲ್ಲಿದ್ದಾರೆ. ಯುದ್ಧ ಮುಗಿದದ್ದು 2009ರ ಮೇ ತಿಂಗಳಲ್ಲಿ. ದ್ವೀಪ ಒಂದೇ, ಭಾಷೆ ಒಂದೇ, ಕಾಗದ ಎರಡು. ಒಬ್ಬರ ಮಕ್ಕಳು ವೋಟು ಹಾಕುತ್ತಾರೆ, ಇನ್ನೊಬ್ಬರ ಮೊಮ್ಮಕ್ಕಳು ಶಿಬಿರದ ಗುರುತಿನ ಚೀಟಿ ತೋರಿಸುತ್ತಾರೆ.

ಹಾಗಾದರೆ ನಾನು ಏನು ಹೇಳುತ್ತೇನೆ? 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದಾಗ ನಾನೂ ಒಂದು ಪರಿಹಾರ ಕೇಂದ್ರದಲ್ಲಿ ಪಾತ್ರೆ ತೊಳೆದಿದ್ದೇನೆ. ಅದು ಯುದ್ಧವಲ್ಲ, ಅವರು ಗಡಿ ದಾಟಿದವರೂ ಅಲ್ಲ. ಆದರೂ ಒಂದು ವಿಷಯ ಅಲ್ಲಿ ಕಣ್ಣಿಗೆ ಬಿತ್ತು. ಮೊದಲ ವಾರ ಜನ ಒಣ ಬಟ್ಟೆ, ಅನ್ನ, ಹಾಸಿಗೆ ಸಿಕ್ಕರೆ ಸಾಕು ಅನ್ನುತ್ತಿದ್ದರು. ಆಮೇಲೆ ಬಾಯಲ್ಲಿ ಒಂದೇ ಮಾತು: ಮನೆ ಎಲ್ಲಿ, ಯಾವಾಗ, ಯಾರ ಹೆಸರಿಗೆ. ತಾರೀಖು ಗೊತ್ತಾದವರು ಅದೇ ಕೇಂದ್ರದಲ್ಲಿ ಇನ್ನೂ ಎರಡು ತಿಂಗಳು ಮಲಗಲು ತಯಾರಿದ್ದರು. ತಾರೀಖು ಇಲ್ಲದವರು ಒಂದು ರಾತ್ರಿಗೂ ಸಿಡಿಮಿಡಿ.

ಹಾಗಾಗಿ ಮೊದಲು ತಾತ್ಕಾಲಿಕ ಕೊಡಲಿ, ಬೇಗ ಕೊಡಲಿ, ಎಲ್ಲರಿಗೂ ಕೊಡಲಿ. ಆದರೆ ಮೊದಲ ದಿನವೇ ತಾರೀಖನ್ನೂ ಬರೆದು ಕೊಡಲಿ. ನನ್ನ ಪ್ರಕಾರ ಮೂರು ವರ್ಷ, ಎಳೆದಾಡಿದರೂ ಐದು. ಅಷ್ಟರಲ್ಲಿ ಯುದ್ಧ ನಿಂತು, ಹೋಗಲು ನಿಜವಾಗಿ ಮನೆ ಇದ್ದರೆ, ದಾರಿ ಖರ್ಚು ಕೊಟ್ಟು ಕಳಿಸಲಿ. ಮೊದಲು ಮನೆಯ ಯಜಮಾನ ಒಬ್ಬನೇ ಹೋಗಿ ಊರು ನೋಡಿ ಬರಲು ಬಿಡಲಿ, ಹಾಗೆ ಹೋದ ಮಾತ್ರಕ್ಕೆ ಅವನ ಕಾಗದ ಕಿತ್ತುಕೊಳ್ಳಬಾರದು. ಯುದ್ಧ ನಿಲ್ಲದಿದ್ದರೆ ಮತ್ತೆ ಕಚೇರಿ ಕಚೇರಿ ಅಲೆಸದೆ ಅದೇ ಕಾಗದ ಶಾಶ್ವತ ವಾಸದ ಕಾಗದವಾಗಲಿ. ಕುಟುಂಬದ ವಿಷಯಕ್ಕೆ ಈ ಗಡುವೂ ಬೇಡ. ಹೆಂಡತಿ, ಗಂಡ, ಮಕ್ಕಳು ಮೊದಲ ವರ್ಷವೇ ಬರಲಿ. ಶಾಶ್ವತ ಕಾಗದ ಸಿಕ್ಕರೆ ಯಾರೂ ವಾಪಸು ಹೋಗುವುದಿಲ್ಲ ಅನ್ನುವ ಹೆದರಿಕೆ ಪೂರ್ತಿ ನಿಜವಲ್ಲ. ಮತ್ತೆ ಬರಲು ಬಾಗಿಲು ಇದೆ ಅನ್ನುವವನು ಧೈರ್ಯವಾಗಿ ಊರಿಗೆ ಹೋಗಿ ನೋಡುತ್ತಾನೆ. ಒಮ್ಮೆ ಹೋದರೆ ಮುಗಿಯಿತು ಅನ್ನುವವನು ಕದಲುವುದೇ ಇಲ್ಲ.

ಮಗಳಿಗೆ ಎರಡು ಮಾತು ಹೇಳಿ. ಆ ಉಕ್ರೇನಿನವರು ನರ್ಸಿಂಗ್ ಓದಿದವರಾ ಅಂತ ವಿಚಾರಿಸಲಿ. ಓದಿದ್ದರೆ ಸರ್ಟಿಫಿಕೇಟಿಗೆ ಜರ್ಮನಿಯ ಮಾನ್ಯತೆ ಪಡೆಯಲು ಈಗಲೇ ಅರ್ಜಿ ಹಾಕಲಿ, ಭಾಷೆಯ ಪರೀಕ್ಷೆ ಮುಗಿಸಲಿ. ಕಲಿತ ಕೆಲಸದ ಮೇಲೆ ಸಿಗುವ ಪರವಾನಗಿಗೆ ದಾಟಲು ಅಲ್ಲಿ ದಾರಿ ಇದೆ, ಅದಕ್ಕೆ ಯುದ್ಧದ ಲೆಕ್ಕ ಬೇಕಾಗಿಲ್ಲ. 2027ರ ಮಾರ್ಚ್ ಬರಲಿ ಅಂತ ಕಾಯಬಾರದು. ಹೊಸ ಕಾಗದ ಕೈಗೆ ಬರುವ ಮುಂಚೆ ಹಳೆಯದನ್ನು ಬಿಡಲೂಬಾರದು. ನಿಮ್ಮ ಮಗಳೂ ಇದೇ ಮಾನ್ಯತೆ, ಇದೇ ಭಾಷೆ ಪರೀಕ್ಷೆ ದಾಟಿ ಹೋದವಳಲ್ವಾ, ಯಾವ ಕೌಂಟರಿನಲ್ಲಿ ಯಾವ ಫಾರಂ ಅಂತ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತಿರುತ್ತದೆ. ಇನ್ನು ಆ ಸಿರಿಯಾದ ಹುಡುಗ. 2024ರ ಜೂನ್‌ನಿಂದ ಜರ್ಮನಿಯಲ್ಲಿ ಪೌರತ್ವಕ್ಕೆ ಎಂಟು ವರ್ಷದ ಬದಲು ಐದು ವರ್ಷದ ವಾಸ ಸಾಕು. ಅವನು ಬಂದು ಎಷ್ಟು ವರ್ಷ ಆಯಿತು, ಅರ್ಜಿ ಹಾಕಿದ್ದಾನಾ, ಇಷ್ಟು ಕೇಳಲು ಹೇಳಿ.